ಆಯುಧಪೂಜೆಗೆ ನಿಲ್ಲಿಸಿದ ಯಂತ್ರ

ನನ್ನ ತಂಗಿ ಮೂರು ಪುಟ ಬರೆದುಕೊಟ್ಟಿದ್ದಳು. ಎರಡನೆಯ ಪುಟದ ಅರ್ಧಕ್ಕೆ ನಾನು ಓದುವುದನ್ನು ಬಿಟ್ಟೆ. ಅದರಲ್ಲಿದ್ದ ಕೆಲಸವನ್ನು ಮಾಡಲಿಲ್ಲ, ಮಾಡಿದ್ದೇನೆ ಎಂದು ಅವಳಿಗೆ ಹೇಳಿದೆ. ನನ್ನ ತಪ್ಪನ್ನು ಹೇಳಲು ಇಷ್ಟು ಸಾಕು. ಆದರೆ ಇಷ್ಟೇ ಹೇಳಿದರೆ ಏನೋ ಮರೆತುಬಿಟ್ಟವನಂತೆ ಕಾಣುತ್ತೇನೆ. ನಾನು ಮರೆತಿರಲಿಲ್ಲ. ದಿನಾ ನೆನಪಿತ್ತು. ಇವತ್ತಿಗೂ ನನಗೆ ನನ್ನ ಮೇಲೆ ರೇಗುವುದು ಅದಕ್ಕೇ.

ಹರಿಹರದಲ್ಲಿ ನನ್ನದೊಂದು ಲೇತ್ ಅಂಗಡಿ. ಎರಡು ಲೇತು, ಒಂದು ಡ್ರಿಲ್ಲಿಂಗ್ ಯಂತ್ರ, ಒಂದು ಗ್ರೈಂಡರು. ಅಪ್ಪನಿಂದ ಬಂದದ್ದು. ಎಂಟನೇ ಕ್ಲಾಸಿನ ನಡುವೆ ಶಾಲೆ ಬಿಟ್ಟು ಅಪ್ಪನ ಪಕ್ಕ ನಿಂತೆ. ತಂಗಿ ಓದಿದಳು. ದಾವಣಗೆರೆಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಮಂಡಿಪೇಟೆಯ ಒಂದು ಸಗಟು ಅಂಗಡಿಯಲ್ಲಿ ಬಿಲ್ ಹಾಕುವ ಕುರ್ಚಿಗೆ ಕೂತವಳು ಒಂಬತ್ತು ವರ್ಷ ಅಲ್ಲೇ ಕೂತಿದ್ದಳು. ಅದರ ನಡುವೆ ಸಿಕ್ಕ ಹೊತ್ತಿನಲ್ಲಿ ಅವಳೊಂದು ಆ್ಯಪ್ ಬರೆದಳು.

ಭಾನುವಳ್ಳಿಯ ಕಡೆ ಗದ್ದೆಗಳಿಗೆ ಕಾಲುವೆಯ ನೀರು. ನೀರು ಪಾಳಿಯಲ್ಲಿ ಬರುತ್ತದೆ. ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಇಂಥವರ ಗದ್ದೆಗೆ ಎಂದು ಪಟ್ಟಿ ಇರುತ್ತದೆ. ಆ ಪಟ್ಟಿ ನೀರು ಬಿಡುವ ನೀರಗಂಟಿಯ ಜೇಬಿನ ಪುಸ್ತಕದಲ್ಲಿರುತ್ತಿತ್ತು. ಮೇಲೆ ಎಲ್ಲೋ ನೀರು ಅರ್ಧ ದಿನ ತಡವಾದರೆ ಕೆಳಗಿನ ಪಾಳಿಯೆಲ್ಲ ಜರುಗುತ್ತಿತ್ತು, ಜರುಗಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ತೂಬಿನ ಹತ್ತಿರ ಗುದ್ದಲಿ ಹಿಡಿದು ಜಗಳ. ತಂಗಿಯ ಆ್ಯಪ್ ಮಾಡುತ್ತಿದ್ದದ್ದು ಇಷ್ಟೇ: ಜರುಗಿದ ಪಾಳಿಯನ್ನು ಹೊಸದಾಗಿ ಜೋಡಿಸಿ, ಎರಡು ತಾಸು ಮುಂಚೆ ಆಯಾ ರೈತರ ಫೋನಿಗೆ ಕನ್ನಡದಲ್ಲಿ ಒಂದು ಸಂದೇಶ ಕಳಿಸುತ್ತಿತ್ತು. ಆ ಭಾಗದ ಒಂದು ನೀರು ಬಳಕೆದಾರರ ಸಂಘದವರು ತುಂಬಾ ಸಲ ಓಡಾಡಿಸಿದ ಮೇಲೆ, ಒಂದು ಬೆಳೆಯ ಮಟ್ಟಿಗೆ ನೋಡೋಣ ಎಂದು ಒಪ್ಪಿದ್ದರು. ಆ ಒಂದು ಬೆಳೆ ತಪ್ಪಿಲ್ಲದೆ ದಾಟಿದರೆ ಸುತ್ತಲಿನ ಸಂಘಗಳೂ ತೆಗೆದುಕೊಳ್ಳುತ್ತಿದ್ದವು. ಅವಳು ಮಂಡಿಪೇಟೆಯ ಕುರ್ಚಿಯಿಂದ ಏಳಬಹುದಿತ್ತು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಆ ಆ್ಯಪ್ ಓಡುತ್ತಿದ್ದದ್ದು ಎಲ್ಲೋ ದೂರದಲ್ಲಿ, ಒಂದು ಕಂಪನಿಯ ಕಟ್ಟಡದಲ್ಲಿ ಬಾಡಿಗೆಗೆ ಹಿಡಿದ ಯಂತ್ರದ ಮೇಲೆ. ಕ್ಲೌಡ್ ಎನ್ನುತ್ತಾರೆ. ಖಾತೆ ತೆರೆಯುವಾಗ ಅವಳ ಕಾರ್ಡು ಹಿಡಿಯಲಿಲ್ಲ, ನನ್ನದನ್ನು ಕೊಟ್ಟೆವು. ಅಲ್ಲಿಂದ ಓಟಿಪಿ ನನ್ನ ಫೋನಿಗೆ, ಮೇಲ್ ನನ್ನ ಫೋನಿಗೆ. ಲೇತಿಗೆ ಕಬ್ಬಿಣದ ಜಾಬ್ ಕಟ್ಟಿ ಕೈ ತುಂಬ ಎಣ್ಣೆ ಆಗಿರುವಾಗಲೇ ಅವಳ ಫೋನು ಬರುತ್ತಿತ್ತು. "ಅಣ್ಣ, ಓಟಿಪಿ ಬಂದೈತೆ ನೋಡು, ಜಲ್ದಿ ಹೇಳು." ಹೆಬ್ಬೆರಳು ಒರೆಸಿಕೊಂಡು ಫೋನು ತೆರೆಯುವಷ್ಟರಲ್ಲಿ ಅದರ ಹೊತ್ತು ಮೀರಿರುತ್ತಿತ್ತು. ಮತ್ತೆ ಇನ್ನೊಂದು. ನನಗೆ ಆ ಯಂತ್ರದ ಮೇಲೆ ಮೊದಲಿಂದಲೂ ಒಂದು ಅಸಹನೆ.

ಸಂಘ ಒಪ್ಪುವ ಮೊದಲು, ಪರೀಕ್ಷೆಗೆಂದು ಓಡಿಸುತ್ತಿದ್ದ ಬೇಸಿಗೆಯಲ್ಲಿ ಆ್ಯಪ್ ಒಮ್ಮೆ ಸಿಕ್ಕಿಹಾಕಿಕೊಂಡಿತ್ತು. ಅವಳು ಅಂಗಡಿಯಲ್ಲಿದ್ದಳು, ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಫೋನಿನಲ್ಲೇ ನನಗೆ ಹೇಳಿಕೊಟ್ಟಳು. ಕೆಂಪು ಗುಂಡಿ ನಿಲ್ಲಿಸುವುದಕ್ಕೆ, ಹಸಿರು ಗುಂಡಿ ಶುರು ಮಾಡುವುದಕ್ಕೆ. ಲೇತಿನ ಹಾಗೇ. ನಿಲ್ಲಿಸಿದೆ, ಶುರು ಮಾಡಿದೆ, ಓಡಿತು. "ಶಾಣ್ಯಾ ಆದಿ ಬಿಡು, ಇನ್ ನನ್ನ ಕೆಲ್ಸ ನಿಂಗೇ" ಎಂದು ನಕ್ಕಳು. ಆ ಗುಂಡಿಗಳು ನನಗೆ ನೆನಪಿನಲ್ಲಿ ಉಳಿದವು. ಉಳಿಯಬಾರದಿತ್ತು.

ದಸರಾಕ್ಕೆ ಒಂದು ತಿಂಗಳಿರುವಾಗ ತಂಗಿಯ ಬಲಗಣ್ಣಿಗೆ ಪರದೆ ಬಿದ್ದಂತಾಯಿತು. ಕಣ್ಣಿನ ಹಿಂಬದಿಯ ರೆಟಿನಾ ಕಳಚಿದೆ, ನಾಳೆಯೇ ಆಪರೇಷನ್ ಎಂದರು ದಾವಣಗೆರೆಯ ಕಣ್ಣಿನ ಡಾಕ್ಟರು. ಅದಾದ ಮೇಲೆ ಕೆಲವು ವಾರ ಬಹುಪಾಲು ಬೋರಲು ಮಲಗಿರಬೇಕು, ಅವರು ಹೇಳುವವರೆಗೆ ಫೋನು ಕಂಪ್ಯೂಟರು ನೋಡಬಾರದು. ಆ ಸಂಜೆ ನಮ್ಮ ಮನೆಗೆ ಬಂದವಳು ಬ್ಯಾಗು ಇಡುವುದಕ್ಕೂ ಮೊದಲು ಒಂದು ನೋಟ್‌ಬುಕ್ ಕೇಳಿದಳು. ಬಲಗಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಬರೆದಳು. ಸಾಲುಗಳು ಬಲಕ್ಕೆ ಇಳಿದು ಇಳಿದು ಹೋಗಿದ್ದವು.

"ಏನಿದು?" ಎಂದೆ.

"ಕಂಪನಿಯಿಂದ ಮೂರು ತಿಂಗಳಿಂದ ಮೇಲ್ ಬರ್ತೈತಲ್ಲ, ನೋಡಿಲ್ವಾ?"

"ಇಂಗ್ಲೀಷಾಗೆ ಇರ್ತೈತೆ. ಜಾಹೀರಾತು ಅನ್ಕಂಡೆ."

"ಜಾಹೀರಾತಲ್ಲ ಮಾರಾಯ. ನಮ್ಮ ಯಂತ್ರ ಯಾವ ಇಮೇಜಿಂದ ಎದ್ದೈತೋ ಆ ಇಮೇಜನ್ನ ತೆಗೀತಾರಂತೆ."

ಇಮೇಜ್ ಎಂದರೇನು ಎಂದು ಅವಳು ನನಗೆ ತಿಳಿಯುವ ಹಾಗೆ ಹೇಳಿದಳು. ಫೌಂಡ್ರಿಯಲ್ಲಿ ಅಚ್ಚು ಇರುತ್ತದಲ್ಲ, ಹಾಗೆ. ಯಂತ್ರವನ್ನು ನಡೆಸುವ ಮೂಲ ಸಾಫ್ಟ್‌ವೇರ್, ಅಂದರೆ ಆಪರೇಟಿಂಗ್ ಸಿಸ್ಟಮ್ಮು, ಆ ಅಚ್ಚಿನಲ್ಲಿ ತುಂಬಿರುತ್ತದೆ. ಶುರು ಎಂದು ಒತ್ತಿದಾಗೆಲ್ಲ ಈ ಕಂಪನಿಯವರು ಅಚ್ಚಿನಿಂದ ಹೊಸದಾಗಿ ಯಂತ್ರ ಎರೆದು ಕೊಡುತ್ತಾರೆ. ಪಾಳಿಯ ಪಟ್ಟಿ ಮಾತ್ರ ಬೇರೆ ಡಿಸ್ಕಿನಲ್ಲಿ ಭದ್ರವಾಗಿರುತ್ತದೆ. ನಮ್ಮ ಅಚ್ಚು ಹಳೆಯದು. ಅದಕ್ಕೆ ಇನ್ನು ರಿಪೇರಿ ಇಲ್ಲ, ದಸರಾ ಹೊತ್ತಿಗೆ ಅಚ್ಚನ್ನೇ ಕಪಾಟಿನಿಂದ ತೆಗೆಯುತ್ತಾರೆ. ಅಷ್ಟರೊಳಗೆ ಹೊಸ ಅಚ್ಚಿನಿಂದ ಪಕ್ಕದಲ್ಲೇ ಇನ್ನೊಂದು ಯಂತ್ರ ಎಬ್ಬಿಸಿ, ಅದರ ಮೇಲೆ ಆ್ಯಪ್ ಓಡಿಸಿ ನೋಡಿ, ಆಮೇಲೆ ಆ್ಯಪ್‌ನ ವಿಳಾಸವನ್ನು ಹೊಸ ಯಂತ್ರಕ್ಕೆ ಬದಲಿಸಬೇಕು.

"ನೀನು ಮಾಡ್ತಿಯಲ್ಲ?"

"ಮಾಡ್ತೀನಿ ಬಿಡೆ. ಮೂರು ಪುಟ ಅಲ್ವಾ."

"ಎರಡು ಸಲ ಓದಿ ಮಾಡು. ಅವಸರ ಬ್ಯಾಡ. ತಿಳೀದಿದ್ರೆ ಕೇಳು, ನನ್ನ ಬಾಯಿಗೇನು ಆಪರೇಷನ್ ಇಲ್ಲ."

ಆಪರೇಷನ್ ಆಗಿ ಅವಳು ನಮ್ಮ ಮನೆಯಲ್ಲೇ ಮಲಗಿದ್ದಳು. ಒಂದು ವಾರ ಬಿಟ್ಟು ಒಂದು ಭಾನುವಾರ ಕೂತೆ. ಮೊದಲ ಪುಟ ಚೆನ್ನಾಗಿಯೇ ನಡೆಯಿತು. ಪಾಳಿಯ ಪಟ್ಟಿಯ ಡಿಸ್ಕಿನ ನಕಲು ತೆಗೆಯುವುದು, ತೆಗೆದೆ. ಎರಡನೆಯ ಪುಟ, ಹೊಸ ಇಮೇಜ್ ಆರಿಸುವುದು. ಆರಿಸು ಎಂದು ಒತ್ತಿದೆ. ಪಟ್ಟಿ ಇಳಿಯಿತು, ಇಳಿಯುತ್ತಲೇ ಇತ್ತು. ಎಲ್ಲವೂ ಒಂದೇ ಹೆಸರು, ಹಿಂದೆ ಒಂದೊಂದು ಅಂಕಿ, ಅಂಕಿಯ ಹಿಂದೆ ಚುಕ್ಕಿ, ಚುಕ್ಕಿಯ ಹಿಂದೆ ಇನ್ನೊಂದು ಅಂಕಿ, ಆಮೇಲೆ ಬಾಲದಂತೆ ಮೂರು ನಾಲ್ಕು ಅಕ್ಷರ. ಒಂದಕ್ಕೆ ಮಿನಿಮಲ್ ಎಂದು, ಒಂದಕ್ಕೆ ಡೆಸ್ಕ್‌ಟಾಪ್ ಎಂದು, ಒಂದಕ್ಕೆ ಬೀಟಾ ಎಂದು. ಟೂಲಿನ ಕ್ಯಾಟಲಾಗ್ ಓದಿ ಅಭ್ಯಾಸ ಇರುವವನು ನಾನು. ಹನ್ನೆರಡು ಎಂಎಂ ಎಂದರೆ ಹನ್ನೆರಡು ಎಂಎಂ, ಕ್ಯಾಲಿಪರ್ ಇಟ್ಟರೆ ಗೊತ್ತಾಗುತ್ತದೆ. ಇಲ್ಲಿ ಯಾವುದಕ್ಕೆ ಏನು ಇಟ್ಟು ಅಳೆಯಬೇಕು? ತಂಗಿ ಬರೆದಿದ್ದಳು: "ಅಣ್ಣ, ಇಲ್ಲಿ ನಿಧಾನ. ಹೆಸರಿನ ಕೊನೆ ನೋಡಿ ಆರಿಸು." ಕೊನೆ ಹೇಗಿರಬೇಕು ಎಂಬುದನ್ನು ಅದರ ಕೆಳಗೇ ಐದು ಸಾಲಿನಲ್ಲಿ ಬರೆದಿದ್ದಳು. ನಾನು ಆ ಐದು ಸಾಲಿಗೆ ಹೋಗಲಿಲ್ಲ. "ಅಣ್ಣ, ಇಲ್ಲಿ ನಿಧಾನ" ಎನ್ನುವುದು ಎರಡನೇ ಕ್ಲಾಸಿನವನಿಗೆ ಹೇಳಿದಂತೆ ಕಂಡಿತು. ನೋಟ್‌ಬುಕ್ ಮುಚ್ಚಿದೆ.

ಕೋಣೆಗೆ ಹೋಗಿ ಕೇಳಿದ್ದರೆ ಮುಗಿಯುತ್ತಿತ್ತು. ಹತ್ತು ಹೆಜ್ಜೆ ಆಚೆ, ಮಂಚದ ತುದಿಯಿಂದ ಮುಖ ಕೆಳಗೆ ಹಾಕಿ ಮಲಗಿದ್ದಳು. ನೆಲಕ್ಕೇ ಮಾತಾಡುತ್ತಿದ್ದಳು ಪಾಪ. ಹೋಗಲಿಲ್ಲ. ಓಡುತ್ತಿರುವ ಯಂತ್ರವನ್ನು ಯಾಕೆ ಬಿಚ್ಚಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಅವಳು ಕೇಳಿದಳು.

"ಆತೇನು ಅಣ್ಣ?"

"ಆತು."

"ಎಲ್ಲಾ? ವಿಳಾಸ ಬದಲ್ಸಿದ್ದೂ?"

"ಎಲ್ಲಾ ಆತು ಅಂದ್ನಲ್ಲ. ಮಲಿಕ್ಕ ಸುಮ್ನೆ."

ರೇಗಿ ಹೇಳಿದೆ. ಸುಳ್ಳು ಹೇಳುವಾಗ ನನಗೆ ರೇಗುವ ಅಭ್ಯಾಸ. ನನ್ನ ಹೆಂಡತಿಗೆ ಅದು ಗೊತ್ತು, ತಂಗಿಗೂ ಗೊತ್ತಿರಬೇಕಿತ್ತು. ಅವಳು ನಂಬಿದಳು. "ದೊಡ್ಡ ಭಾರ ಇಳೀತು ನೋಡು" ಎಂದಳು ನೆಲಕ್ಕೆ.

ನಮ್ಮ ಮನೆಯಲ್ಲಿ ಆಯುಧಪೂಜೆ ಎಂದರೆ ಅಪ್ಪ ಹಾಕಿಕೊಟ್ಟ ಒಂದು ಪದ್ಧತಿ ಇದೆ. ತಿರುಗುವ ಯಾವುದೂ ಆ ದಿನ ತಿರುಗಬಾರದು. ಹಿಂದಿನ ಸಂಜೆ ಲೇತುಗಳನ್ನು ನಿಲ್ಲಿಸಿ, ಸೀಮೆಎಣ್ಣೆಯಲ್ಲಿ ಒರೆಸಿ, ಜಾಬ್ ಹಿಡಿಯುವ ಚಕ್ಕಿಗೆ ವಿಭೂತಿ ಹಚ್ಚಿ ಹೂವು ಇಡುತ್ತೇವೆ. ಬೈಕು ನಿಲ್ಲಬೇಕು, ಮಿಕ್ಸರ್ ನಿಲ್ಲಬೇಕು, ಹೊಲಿಗೆ ಯಂತ್ರ ನಿಲ್ಲಬೇಕು. ಅಪ್ಪ ಗೋಡೆ ಗಡಿಯಾರದ ಬ್ಯಾಟರಿಯನ್ನೂ ತೆಗೆಯುತ್ತಿದ್ದ, ನಾನೂ ತೆಗೆಯುತ್ತೇನೆ. ವರ್ಷವೆಲ್ಲ ನಮಗಾಗಿ ದುಡಿದದ್ದಕ್ಕೆ ಒಂದು ದಿನ ಬಿಡುವು. ಮರುದಿನ ಬನ್ನಿ ಕೊಟ್ಟು ಬಂದ ಮೇಲೆ ನಾನೇ ಕೈಮುಗಿದು ಒಂದೊಂದಾಗಿ ಶುರು ಮಾಡಬೇಕು.

ಆ ಸಂಜೆ ಗಡಿಯಾರದ ಬ್ಯಾಟರಿ ತೆಗೆದು ಸ್ಟೂಲಿನಿಂದ ಇಳಿಯುವಾಗ ಕೋಣೆಯಿಂದ ತಂಗಿ ಕೂಗಿದಳು. "ನಾನೂ ನಿಂತೀನಿ ಅಣ್ಣ, ನನ್ನ ಬೆನ್ನಿಗೂ ಒಂದಿಷ್ಟು ಕುಂಕುಮ ಹಚ್ಚು." ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ಇವಳ ಯಂತ್ರಕ್ಕೆ ಮಾಡಬೇಕಾದದ್ದನ್ನು ನಾನು ಮಾಡಿಲ್ಲ ಎನ್ನುವುದು ಚುಚ್ಚಿತು. ಹೊಸ ಅಚ್ಚು ಹಾಕಲಿಲ್ಲ, ಕೊನೆಗೆ ಅದಕ್ಕೂ ಒಂದು ದಿನ ಬಿಡುವಾದರೂ ಕೊಡೋಣ, ಪೂಜೆಯಾದರೂ ಮಾಡೋಣ ಎನಿಸಿತು. ಆ ಸಂಜೆಯ ಕೊನೆಯ ಪಾಳಿಯ ಸಂದೇಶ ಹೋಗಿದೆ ಎಂದು ನೋಡಿಕೊಂಡೆ. ಹಬ್ಬದ ದಿನ ಗದ್ದೆಯ ಕೆಲಸವೂ ಇರಲಿಕ್ಕಿಲ್ಲ ಎಂದುಕೊಂಡೆ. ನೀರಿಗೆ ಹಬ್ಬ ಇಲ್ಲ ಎನ್ನುವುದು ನನ್ನ ತಲೆಗೆ ಹೋಗಲಿಲ್ಲ. ಫೋನು ತೆಗೆದು ಕೆಂಪು ಗುಂಡಿ ಒತ್ತಿದೆ. ನೋಟ್‌ಬುಕ್ಕನ್ನು ದೇವರ ಮುಂದೆ, ಕ್ಯಾಲಿಪರಿನ ಪಕ್ಕ ಇಟ್ಟು ಅರಿಶಿನ ಕುಂಕುಮ ಹಾಕಿದೆ.

ಪೂಜೆಯ ಮರುದಿನ ಬನ್ನಿ ಕೊಟ್ಟು ಬಂದು ಲೇತು ಶುರು ಮಾಡಿದೆ, ಡ್ರಿಲ್ಲು ಶುರು ಮಾಡಿದೆ, ಬೈಕಿಗೆ ಕಿಕ್ ಹೊಡೆದೆ. ಹಸಿರು ಗುಂಡಿ ಒತ್ತಿದೆ. ಸ್ವಲ್ಪ ಹೊತ್ತು ಸುತ್ತಿತು. ಕೆಂಪಕ್ಷರ ಬಂತು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ: ಈ ಇಮೇಜ್ ಈಗ ಲಭ್ಯವಿಲ್ಲ. ಮತ್ತೆ ಒತ್ತಿದೆ. ಅದೇ. ಎಷ್ಟು ಸಲ ಒತ್ತಿದೆನೋ.

ಆಗ ಮೂರನೆಯ ಪುಟ ತೆಗೆದೆ. ಕುಂಕುಮ ಅಂಟಿಕೊಂಡಿತ್ತು. ಮೊದಲ ಸಾಲೇ ಇದು: "ಹೊಸದು ಓಡುವವರೆಗೆ ಹಳೆಯದನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡ. ಅಚ್ಚು ತೆಗೆದ ಮೇಲೂ ಓಡುತ್ತಿರುವುದು ಓಡುತ್ತಿರುತ್ತದೆ. ಆದರೆ ಒಮ್ಮೆ ನಿಂತರೆ ಏಳುವುದಿಲ್ಲ." ಅಡಿಗೆರೆ ಎರಡು ಸಲ ಹಾಕಿದ್ದಳು. ಅಂದರೆ ನಾನು ಏನೂ ಮಾಡದೆ ಸುಮ್ಮನಿದ್ದಿದ್ದರೂ ಅದು ಅವಳು ಏಳುವವರೆಗೆ ಓಡುತ್ತಿತ್ತೇನೋ. ನನ್ನ ಸೋಮಾರಿತನಕ್ಕೆ ಭಕ್ತಿಯೂ ಸೇರಿ ಕೆಲಸ ಕೆಟ್ಟಿತು.

ತಂಗಿಯ ಫೋನು ನನ್ನ ಹೆಂಡತಿಯ ಬಳಿ ಇತ್ತು. ಸಂಜೆಯ ಹೊತ್ತಿಗೆ ಸಂಘದ ಅಧ್ಯಕ್ಷರ ಕರೆ. ನಾನೇ ತೆಗೆದೆ.

"ಎರಡು ದಿನದಿಂದ ಯಾರಿಗೂ ಮೆಸೇಜಿಲ್ಲ ಅಂತಾರಲ್ರಿ. ನೀರಗಂಟಿ ಪುಸ್ತಕ ಬಿಟ್ಟು ಎಷ್ಟು ದಿನ ಆತು. ಹಿಂಗಾದ್ರೆ ಹೆಂಗೆ?"

"ಕಂಪನಿ ಕಡೆ ಏನೋ ಪ್ರಾಬ್ಲಂ ಐತಂತ್ರಿ. ಅವ್ರೇ ಮಾಡ್ತಿದಾರೆ."

"ಯಾವಾಗ ಆಗ್ತೈತೆ?"

"ಇವತ್ತೇ ರೀ."

ಅವತ್ತು ಆಗಲಿಲ್ಲ. ಮರುದಿನ ಅಂಗಡಿ ಮುಚ್ಚಿ ಕೂತೆ. ತಂಗಿಗೆ ಹೇಳದೆ ಸರಿಮಾಡಿಬಿಡಬೇಕು ಎಂದು ಹಟ. ಆ ಇಮೇಜುಗಳ ಪಟ್ಟಿಯಿಂದ ಒಂದನ್ನು ಆರಿಸಿದೆ. ಈ ಯಂತ್ರಕ್ಕೆ ಇದು ಹೊಂದುವುದಿಲ್ಲ ಎಂದಿತು. ಇನ್ನೊಂದನ್ನು ಆರಿಸಿದೆ; ಜಾಗ ಸಾಲದು ಎಂದಿತು. ಮೂರನೆಯದು ಎದ್ದಿತು, ಆದರೆ ಆ್ಯಪ್ ಹಾಕಿದರೆ ಮೂವತ್ತು ಸಾಲು ಬೈಗುಳದಂಥ ಇಂಗ್ಲೀಷು ಕಾರಿತು. ಪ್ರತಿ ಸಲವೂ ಮೊದಲಿಂದ ಓಟಿಪಿ. ಫೋನನ್ನು ಎಣ್ಣೆ ಡಬ್ಬಿಗೆ ಎಸೆಯಬೇಕು ಎನಿಸಿತು. ಅದರ ತಪ್ಪೇನಿತ್ತು? ಯಾವುದನ್ನು ಹೇಗೆ ಆರಿಸಬೇಕು ಎಂದು ಆ ಐದು ಸಾಲಿನಲ್ಲಿ ಇತ್ತು. ನಾನು ಆಗ ಓದಿದರೂ ಅಕ್ಷರ ತಲೆಗೆ ಇಳಿಯುತ್ತಿರಲಿಲ್ಲ.

ಮೂರನೆಯ ಬೆಳಿಗ್ಗೆ ಕೋಣೆಗೆ ಹೋದೆ.

"ನಿನ್ನ ಯಂತ್ರ ನಿಂತೈತೆ."

ಅವಳು ತಲೆ ಎತ್ತುವಂತಿರಲಿಲ್ಲ. "ಹೆಂಗೆ ನಿಂತಿತು?"

"ತಾನಾಗೇ."

"ಫೋನು ತಗಂಬಾ. ನೀನು ಓದು, ನಾನು ಹೇಳ್ತೀನಿ."

ಮೊದಲಿಂದ ಹೊಸದನ್ನು ಎಬ್ಬಿಸೋಣ ಎಂದಳು. ಮಂಚದ ಪಕ್ಕ ನೆಲದ ಮೇಲೆ ಕೂತು ಇಮೇಜುಗಳ ಪಟ್ಟಿ ಓದಿದೆ. "ಎಲ್ಲಾಕ್ಕಿಂತ ಹೊಸದು ಮೇಲೈತೆ. ಅದ್ನೇ ಒತ್ಲಾ?"

"ಹೊಸದು ಅಂತ ಒತ್ತಬ್ಯಾಡ. ಒಂಬತ್ತು ತಿಂಗ್ಳಿಗೆ ಅದ್ರ ರಿಪೇರಿ ನಿಲ್ಲಿಸ್ತಾರೆ, ಮತ್ತೆ ಇದೇ ಗೋಳು. ಎಲ್ ಟಿ ಎಸ್ ಅಂತ ಎಲ್ಲೈತೆ ನೋಡು. ಅದಕ್ಕೆ ಐದು ವರ್ಷ ರಿಪೇರಿ ಕೊಡ್ತಾರೆ."

"ನಾಕು ಅದಾವೆ."

"ಡೆಸ್ಕ್‌ಟಾಪ್ ಬ್ಯಾಡ. ನಮಗೆ ಅದ್ರ ಅಲಂಕಾರ ಬೇಕಾಗಿಲ್ಲ, ಜಾಗ ತಿಂತೈತೆ. ಉಳಿದಿದ್ರ ಕೊನೇಲಿ ಏನೈತೆ ಓದು."

"ಎ ಆರ್ ಎಂ."

"ಅದು ಬೇರೆ ಪ್ರೊಸೆಸರಿಂದು, ನಮ್ಮದ್ರ ಮ್ಯಾಲೆ ಕೂರಲ್ಲ. ನಿನ್ನ ದೊಡ್ಡ ಲೇತಿನ ಚಕ್ಕು ಸಣ್ಣ ಲೇತಿಗೆ ಕೂರ್ತೈತಾ?"

ಒಳಗೇ ಹಲ್ಲು ಕಡಿದೆ. ಹಿಂದಿನ ದಿನ ಮೊದಲು ಒತ್ತಿದ್ದು ಅದನ್ನೇ. ಸರಿಯಾದದ್ದನ್ನು ಆರಿಸಲು ಅವಳಿಗೆ ಐದು ನಿಮಿಷ ಹಿಡಿಯಿತು, ಅದೂ ನೆಲ ನೋಡುತ್ತಾ. ಆ ಇಂಗ್ಲೀಷು ಬೈಗುಳ ಬಂದಾಗ ಒಂದೊಂದೇ ಅಕ್ಷರ ಹೇಳಿಸಿ ಕೇಳಿ, ಎರಡು ಸಾಲು ಬದಲಿಸಲು ಹೇಳಿದಳು. ಡಿಸ್ಕು ಜೋಡಿಸಿದೆವು. ಮಧ್ಯಾಹ್ನ ಊಟದ ಹೊತ್ತಿಗೆ ಅವಳದೇ ಫೋನಿಗೆ ಪರೀಕ್ಷೆಯ ಸಂದೇಶ ಬಂತು. ಓದಿ ಹೇಳಿದೆ.

"ಅಣ್ಣ, ನೀನು ಹೊಸದಕ್ಕೆ ಹಾಕಿದ್ದೆ ಅಂದ್ಯಲ್ಲ. ಮತ್ತೆ ಯಾಕ ನಿಂತಿತು?"

ಹೇಳಬೇಕಾಗಿದ್ದದ್ದು ಆಗ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವಳೇ ಅಂದಳು:

"ನಾನು ಬರೆದಿದ್ರಾಗೇ ಏನೋ ತಪ್ಪಿರ್ಬೇಕು. ಒಂದೇ ಕಣ್ಣಾಗೆ ಬರೆದಿದ್ದು. ನೀನು ಪಾಪ ಬರೆದಂಗೇ ಮಾಡಿರ್ತಿ."

ನಾನು "ಇರ್ಬೇಕು" ಎಂದೆ. ಇದೊಂದು ಮಾತನ್ನು ಬೇರೆ ಎಲ್ಲಕ್ಕಿಂತ ಹೆಚ್ಚು ನೆನೆಯುತ್ತೇನೆ. ಸುಮ್ಮನಿದ್ದರೂ ಆಗುತ್ತಿತ್ತು.

ಆ ದಿನಗಳಲ್ಲಿ ಅಲ್ಲಿ ನಡೆದದ್ದು ಆಮೇಲೆ ತಿಳಿಯಿತು. ಪಾಳಿಯ ಕೊನೆಯಲ್ಲಿ ಒಬ್ಬ ಹೆಂಗಸಿನ ಗದ್ದೆ. ಒಬ್ಬಳೇ ಮಾಡಿಸುವವಳು. ಭತ್ತ ಹಾಲು ತುಂಬುವ ಹೊತ್ತು. ಹಬ್ಬದ ದಿನ ಅವಳ ಪಾಳಿ ಅರ್ಧ ದಿನ ಮೊದಲೇ ಬಂದಿತ್ತು. ಸಂದೇಶ ಬರುತ್ತದೆ ಎಂದು ಮನೆಯಲ್ಲೇ ಕಾದಳು. ಅವಳು ಬರಲಿಲ್ಲವೆಂದು ಮೇಲಿನವರು ನೀರನ್ನು ತಮ್ಮ ಗದ್ದೆಗೆ ತಿರುಗಿಸಿಕೊಂಡರು. ಮುಂದಿನ ಪಾಳಿಗೆ ಹತ್ತು ದಿನ. ಅಷ್ಟರಲ್ಲಿ ಅವಳ ಗದ್ದೆಯ ಒಂದು ಮಗ್ಗುಲು ಜೊಳ್ಳಾಯಿತು.

ಕೆಲವು ವಾರದ ಮೇಲೆ ಸಂಘದ ಸಭೆ. ತಂಗಿ ಕಪ್ಪು ಕನ್ನಡಕ ಹಾಕಿಕೊಂಡು ಹೊರಟಳು. ಫೋನು ನೋಡಲು ಇನ್ನೂ ಅನುಮತಿ ಇರಲಿಲ್ಲ. ನಾನು ಜೊತೆಗೆ. ಹರಿಹರದಿಂದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಏನು ಹೇಳಬೇಕೆಂದು ಅವಳು ಬಾಯೊಳಗೇ ಜೋಡಿಸಿಕೊಳ್ಳುತ್ತಿದ್ದಳು. ನಾನು ಚಾಲಕನ ಬೆನ್ನು ನೋಡುತ್ತಾ ಕೂತಿದ್ದೆ.

ಸಂಘದ ಕಟ್ಟಡದಲ್ಲಿ ಮೂವತ್ತು ಜನರಿದ್ದರು. ಅಧ್ಯಕ್ಷರು ಮರ್ಯಾದೆಯಿಂದಲೇ ಮಾತಾಡಿದರು. "ಕೂಡ್ರವ್ವ. ಕಣ್ಣು ಹೆಂಗೈತೆ? ನೋಡು, ನಿನ್ನ ಮ್ಯಾಲೆ ನಮಗೇನು ಸಿಟ್ಟಿಲ್ಲ. ಆದ್ರೆ ಈ ಬೆಳೆ ಮುಗಿಯೋಮಟ ಪುಸ್ತಕದಾಗೇ ನಡೀಲಿ ಅಂತ ತೀರ್ಮಾನ ಆಗೈತೆ. ಬ್ಯಾರೆ ಸಂಘದವ್ರೂ ಬ್ಯಾಡ ಅಂದಾರೆ. ಮುಂದೆ ನೋಡೋಣ."

"ಆತ್ರಿ" ಎಂದಳು ತಂಗಿ. ಬಸ್ಸಿನಲ್ಲಿ ಜೋಡಿಸಿಕೊಂಡದ್ದು ಯಾವುದನ್ನೂ ಹೇಳಲಿಲ್ಲ.

ಗದ್ದೆ ಒಣಗಿದ ಹೆಂಗಸು ಮುಂದಿನ ಸಾಲಿನಲ್ಲಿದ್ದಳು. "ನೀರಗಂಟಿ ಕುಡಿದು ಬಿದ್ದಿದ್ರೂ ಹೋಗಿ ಒದ್ದು ಎಬ್ಬಿಸ್ತಿದ್ದೆ ಕಣವ್ವ. ನಿನ್ನ ಮಷಿನ್ನು ಎಲ್ಲಿ ಮಲಗಿತ್ತು ಅಂತ ಹೋಗಿ ಒದೀಲಿ?" ಎಂದಳು. ಕೆಲವರು ನಕ್ಕರು. ಹಿಂದಿನಿಂದ ಒಬ್ಬ, "ಬಿಲ್ ಹಾಕೋರ ಕೈಗೆ ಕಾಲುವೆ ಕೊಟ್ರೆ ಇನ್ನೇನಾಗ್ತೈತೆ" ಎಂದ.

ತಂಗಿ ಎದ್ದು ನಿಂತಳು. ಮಾತು ಬಂದ ಕಡೆಗೆ ತಿರುಗಲು ನೋಡಿದಳು, ಯಾರೆಂದು ಅವಳಿಗೆ ಕಂಡಿರಲಿಕ್ಕಿಲ್ಲ. "ತಪ್ಪು ನಂದೇ ರೀ. ಹೊಸ ಇಮೇಜಿಗೆ ಹಾಕೋದು ಹೆಂಗಂತ ನಾನು ಬರೆದುಕೊಟ್ಟಿದ್ದು ಸರಿ ಇರ್ಲಿಲ್ಲ. ನಮ್ಮಣ್ಣ ನಾನು ಬರೆದಂಗೆ ಮಾಡಿದಾನೆ, ಅವಂದೇನಿಲ್ಲ."

ಅವಂದೇನಿಲ್ಲ. ನಾನು ಗೋಡೆಗೆ ಒರಗಿ ನಿಂತವನು ಮುಂದೆ ಬಂದೆ. ಈಗ ಹೇಳಿದರೆ ಬೆಳೆ ತಿರುಗಿ ಬರುವುದಿಲ್ಲ, ತೀರ್ಮಾನವೂ ಬದಲಾಗುವುದಿಲ್ಲ ಎಂದು ಗೊತ್ತಿತ್ತು. ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ, ಧ್ವನಿ ಜೋರಾಯಿತು. ಈ ಸಲ ರೇಗಿದ್ದು ಸುಳ್ಳಿಗಲ್ಲ.

"ಇವಳು ಹೇಳಿದ್ದು ನಿಜ ಅಲ್ರಿ. ಯಂತ್ರ ತಾನಾಗೇ ನಿಲ್ಲಲಿಲ್ಲ. ಆಯುಧಪೂಜೆ ಅಂತ ನಾನೇ ನಿಲ್ಸಿದೆ. ಹೊಸದಕ್ಕೆ ಹಾಕು ಅಂತ ಒಂದು ತಿಂಗಳು ಮುಂಚೆ ಹೇಳಿದ್ಲು, ಹಾಕ್ಲಿಲ್ಲ, ಹಾಕೀನಿ ಅಂತ ಸುಳ್ಳು ಹೇಳಿದೆ. ತಾಯಿ, ನಿಮ್ಮ ಗದ್ದೆ ಒಣಗಿಸಿದವ್ನು ನಾನು, ಒದೆಯೋದಾದ್ರೆ ನನ್ನ ಒದೀರಿ."

ತಂಗಿ ಕನ್ನಡಕ ತೆಗೆದು ನನ್ನ ಕಡೆ ನೋಡುತ್ತಿದ್ದಳು. ಅವಳ ಕೆಂಪಾದ ಕಣ್ಣಿಗೇ ಹೇಳಿದೆ.

"ನೀನು ಒಂದೇ ಕಣ್ಣಾಗೆ ಬರೆದ್ರೂ ಒಂದಕ್ಷರ ತಪ್ಪಿರ್ಲಿಲ್ಲ. ನಾನು ಎರಡು ಕಣ್ಣಿದ್ದು ಓದ್ಲಿಲ್ಲ. ತಪ್ಪಾತು ತಂಗಿ. ನಿನ್ನ ಕೆಲ್ಸ ನಾನು ಹಾಳು ಮಾಡಿದೆ. ನನ್ನ ಕ್ಷಮಿಸು."